ಗಾಳಿ ಬಂದಾಗ ತೂರಿಕೋ, ಆದರೆ ಕಣ ನೋಡಿಕೋ



ಹುಣಿಸೆಹಣ್ಣನ್ನು ವರ್ಷವಿಡೀ ಹುಳ ಬೀಳದ ಹಾಗೆ ಇಡುವುದು ಹೇಗೆ ಎಂದು ಈ ಸಲ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ಸಂಚಿಕೆಗೆ ತಳ್ಳುತ್ತಿದ್ದೇನೆ, ಬೈಯಬೇಡಿ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಿಮ್ಮ ಮನೆಯಲ್ಲೂ ಬೆಳೆದ ಮಕ್ಕಳಿದ್ದಾರೆ. ಇವತ್ತಲ್ಲ ನಾಳೆ ಅವರೂ ಇಂಥದೇ ಒಂದು ಬೇಡಿಕೆ ಹಿಡಿದುಕೊಂಡು ಬಂದಾರು.

ಒಂದು ಭಾನುವಾರ ರಾತ್ರಿ ದೋಸೆಗೆ ನೆನೆಹಾಕುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ದೊಡ್ಡವಳ ಫೋನು ಬಂತು. "ಅಮ್ಮಾ, ನಾನು ಕೈಟ್‌ಬೋರ್ಡಿಂಗ್ ಕಲೀತೀನಿ" ಅಂದಳು. ಟೈಪಿಂಗು, ಟೈಲರಿಂಗು ಇದ್ದ ಹಾಗೆ ಇದೂ ಒಂದು ಇರಬೇಕು ಅಂದುಕೊಂಡು, "ಕಲಿ ಪುಟ್ಟಿ, ವಿದ್ಯೆ ಯಾವುದಾದರೇನು" ಅಂದುಬಿಟ್ಟೆ. ಆಮೇಲೆ ಅವಳು ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ನೋಡುತ್ತಾ ನೋಡುತ್ತಾ ಉದ್ದಿನಬೇಳೆಗೆ ಎಷ್ಟು ನೀರು ಸುರಿದೆನೋ ನನಗೇ ತಿಳಿಯಲಿಲ್ಲ.

ಸಮುದ್ರದ ಮೇಲೆ ಒಂದು ಹುಡುಗಿ. ಕಾಲಿಗೆ ಮಣೆಯಂಥ ಹಲಗೆ. ಸೊಂಟಕ್ಕೆ ಅಗಲವಾದ ಪಟ್ಟಿ. ಆ ಪಟ್ಟಿಯಿಂದ ಉದ್ದುದ್ದ ದಾರ ಮೇಲಕ್ಕೆ ಹೋಗಿ, ಆಕಾಶದಲ್ಲಿ ಬಾಳೆಹಣ್ಣಿನ ಆಕಾರದ ಒಂದು ದೊಡ್ಡ ಗಾಳಿಪಟ! ಪಟ ಎಳೆದ ಹಾಗೆಲ್ಲ ಈ ಹುಡುಗಿ ನೀರಿನ ಮೇಲೆ ಸರ್ರನೆ ಓಡುತ್ತಾಳೆ.

"ಇದೇನೇ ಇದು!" ಅಂತ ಕೂಗಿಕೊಂಡೆ. ಪೇಪರು ಓದುತ್ತಿದ್ದ ನಮ್ಮ ಯಜಮಾನರು ಎದ್ದು ಬಂದರು. ಜಪಮಣಿ ಹಿಡಿದಿದ್ದ ಅತ್ತೆಯವರೂ ಬಂದರು. ಮೂವರೂ ಮೊಬೈಲಿನ ಸುತ್ತ ನಿಂತು ನೋಡಿದೆವು. "ಬೇಡ ಅಂತ ಹೇಳಿಬಿಡು" ಅಂದರು ಇವರು. ಅಷ್ಟು ಹೇಳಿ ಮತ್ತೆ ಪೇಪರಿಗೆ ಹೋದರು.

ಬೇಡ ಎನ್ನುವುದು ಸುಲಭ. ನನಗೂ ಅದೇ ನಾಲಿಗೆಯ ತುದಿಗೆ ಬಂದಿತ್ತು. ಯಾಕೆಂದು ಹೇಳುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಚಿಕ್ಕಪ್ಪನ ಮಗ ಊರ ಕೆರೆಯಲ್ಲಿ ಹೋಗಿಬಿಟ್ಟ. ಈಜು ಚೆನ್ನಾಗಿ ಬರುತ್ತಿರಲಿಲ್ಲ ಅವನಿಗೆ, ಆದರೆ ಆ ಜಾಗದಲ್ಲಿ ನೀರು ಮೊಣಕಾಲಿಗೆ ಮಾತ್ರ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಬೇಸಗೆಯಲ್ಲಿ ಇಟ್ಟಿಗೆಗೆಂದು ಯಾರೋ ಅಲ್ಲಿ ಮಣ್ಣು ತೆಗೆದಿದ್ದರು. ಮಳೆ ಬಂದು ಕೆರೆ ತುಂಬಿದ ಮೇಲೆ ನೀರು ಮೇಲಿನಿಂದ ಎಂದಿನಂತೆ ಒಂದೇ ಸಮ ಕಾಣುತ್ತಿತ್ತು. ಕೆಳಗಿದ್ದ ಗುಂಡಿ ಯಾರಿಗೂ ಕಾಣಲಿಲ್ಲ. ಆವತ್ತಿನಿಂದ ನಮ್ಮ ಮನೆಯ ಹೆಣ್ಣುಮಕ್ಕಳು ಕೆರೆಯ ಏರಿ ಹತ್ತಬಾರದು ಎಂದಾಯಿತು. ಗಂಡುಹುಡುಗರು ಆರು ತಿಂಗಳಿಗೆ ಮತ್ತೆ ಈಜಿದರು. ನಾವು ನಾಲ್ಕು ಜನ ಅಕ್ಕತಂಗಿಯರಿಗೆ ಮಾತ್ರ ಇವತ್ತಿಗೂ ಈಜು ಬಾರದು. ಗುಂಡಿ ತೆಗೆದವನನ್ನು ಯಾರೂ ಏನೂ ಕೇಳಲಿಲ್ಲ.

ಅದು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೇಡ ಅಂದರೆ ಇವಳು ಹೇಳದೆ ಹೋಗುತ್ತಾಳೆ. ಇಪ್ಪತ್ಮೂರು ವರ್ಷದ ಹುಡುಗಿ, ತನ್ನ ಸಂಬಳ ತನ್ನ ಕೈಯಲ್ಲಿದೆ. ಹೇಳದೆ ಹೋದರೆ ಎಲ್ಲಿಗೆ ಹೋದಳು, ಹೇಗೆ ಹೋದಳು ಎಂದು ನನಗೆ ಗೊತ್ತಾಗುವುದೂ ಇಲ್ಲ. ಬೆಳಿಗ್ಗೆ ಫೋನು ಮಾಡಿ, "ಕಲಿ, ಆದರೆ ಜಾಗ ಯಾವುದು ಅಂತ ನನಗೆ ಒಪ್ಪಿಗೆಯಾಗಬೇಕು" ಅಂದೆ. ಅವಳು ನಕ್ಕಳು. ಬಯಲುಸೀಮೆಯ ಅಮ್ಮನಿಗೆ ಸಮುದ್ರದ ಜಾಗ ಏನು ಗೊತ್ತು ಅಂತ. ಗೊತ್ತಿಲ್ಲದ್ದನ್ನು ಕೇಳಿ ಕೇಳಿ ತಿಳಿದುಕೊಂಡೆ ಎನ್ನಿ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಆಟ ಏನೆಂದು ನೋಡೋಣ. ಫ್ರಾನ್ಸಿನ ಸಮುದ್ರತೀರದ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು, ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳುವಂಥ, ಗಾಳಿ ತುಂಬಿದ ಪಟಕ್ಕೆ 1984ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ಸೈಕಲ್ ಟ್ಯೂಬಿನ ಹಾಗೆ ಪಟದ ಮುಂದಿನ ಅಂಚಿಗೆ ಪಂಪಿನಿಂದ ಗಾಳಿ ತುಂಬುತ್ತಾರೆ. ದಾರ ಸುಮಾರು 20ರಿಂದ 24 ಮೀಟರ್ ಉದ್ದ. ಕೈಯಲ್ಲಿ ಒಂದು ಅಡ್ಡಕೋಲು, ಅದನ್ನು ಎಡಕ್ಕೆ ಬಲಕ್ಕೆ ಎಳೆದರೆ ಪಟ ಆ ಕಡೆ ತಿರುಗುತ್ತದೆ. ಭಾರವೆಲ್ಲ ಸೊಂಟದ ಪಟ್ಟಿಯ ಮೇಲೆ, ಕೈ ಮೇಲಲ್ಲ. ಆದ್ದರಿಂದ ತೋಳಿನ ಬಲ ಬಹಳ ಬೇಕಿಲ್ಲ, ಹೆಂಗಸರಿಗೂ ಆಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಆಟವನ್ನು ಮೊದಲ ಸಲ ಸೇರಿಸಿದರು. ಮಾರ್ಸೇಲ್ ಊರಿನ ಕಡಲಲ್ಲಿ ನಡೆದ ಪಂದ್ಯದಲ್ಲಿ ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಹೆಂಗಸರ ಚಿನ್ನದ ಪದಕ ಗೆದ್ದಳು.

ಆಷಾಢದಲ್ಲಿ ನಮ್ಮ ಮಕ್ಕಳು ಪಟ ಹಾರಿಸುತ್ತಾರಲ್ಲ, ಸೂತ್ರ ಕಟ್ಟುವಾಗ ಒಂದು ಬೆರಳು ಹೆಚ್ಚುಕಡಿಮೆಯಾದರೆ ಪಟ ಗೋತಾ ಹೊಡೆಯುತ್ತದೆ. ಅಲ್ಲಿ ಹೋದರೆ ಒಂದು ರೂಪಾಯಿಯ ಕಾಗದ ಹೋಯಿತು. ಇಲ್ಲಿ ಪಟದ ಇನ್ನೊಂದು ತುದಿಗೆ ಮನುಷ್ಯರೇ ಇರುತ್ತಾರೆ. ಪಟ ಮೇಲೆ ನೆತ್ತಿಯ ನೇರಕ್ಕೆ ಇದ್ದಾಗ ಎಳೆತ ಕಡಿಮೆ. ಗಾಳಿ ಹೋಗುವ ದಿಕ್ಕಿಗೆ ನೇರ ಮುಂದೆ, ಕೆಳಗಡೆ ಇಳಿದಾಗ ಎಳೆತ ಬಹಳ ಜೋರು. ಹೊಸಬರಿಗೆ ಕೈ ತಪ್ಪಿ ಪಟ ಹೋಗುವುದು ಅಲ್ಲಿಗೇ. ಆಗ ಅವರನ್ನು ಪಟ ಎತ್ತಿ ಎಳೆದುಕೊಂಡು ಹೋಗುತ್ತದೆ. ಎತ್ತ ಎಳೆಯುತ್ತದೆ, ಆ ಕಡೆ ಏನಿದೆ ಎನ್ನುವುದೇ ಮುಖ್ಯ.

ನಮ್ಮ ಹುಡುಗಿ ಮೊದಲು ಗೊತ್ತುಮಾಡಿದ ಜಾಗದ ಕಥೆ ಕೇಳಿ. ಪಶ್ಚಿಮ ಕರಾವಳಿಯ ಒಂದು ಸಣ್ಣ ಕಡಲತೀರ. ಯಾವುದೋ ಪರಿಚಯದ ಹುಡುಗ ಹಳೆಯ ಪಟವೊಂದನ್ನು ಕೊಂಡಿದ್ದಾನಂತೆ. ಅವನೂ ಮೊಬೈಲು ನೋಡಿಯೇ ಕಲಿತವನು. ಜನವರಿಯಲ್ಲಿ ಶನಿವಾರ ರಾತ್ರಿ ಬಸ್ಸು ಹತ್ತುವುದು, ಭಾನುವಾರ ಬೆಳಿಗ್ಗೆ ಏಳಕ್ಕೆ ಕಲಿಯುವುದು, ಸಂಜೆ ವಾಪಸ್ಸು. ಖರ್ಚೇ ಇಲ್ಲ! "ಬೆಳಿಗ್ಗೆ ಹೊತ್ತು ನೀರು ಹಾಲಿನ ಹಾಗೆ ನಯವಾಗಿರುತ್ತಂತೆ ಅಮ್ಮ, ಒಂದು ಅಲೆ ಕೂಡ ಇರಲ್ಲಂತೆ" ಅಂದಳು. ನಯವಾದ ನೀರು ಎಂದ ಕೂಡಲೇ ನನಗೂ ಒಳ್ಳೆಯದೇ ಅನ್ನಿಸಿತು.

ಅತ್ತೆಯವರು ಪಕ್ಕದಲ್ಲೇ ಕೂತು ಅವರೆಕಾಳು ಬಿಡಿಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಸಮುದ್ರ ನೋಡಿದ್ದು ಜೀವಮಾನದಲ್ಲಿ ಎರಡು ಸಲ. ತಲೆ ಎತ್ತದೆ ಕೇಳಿದರು: "ಅಷ್ಟು ಹೊತ್ತಿಗೆ ಗಾಳಿ ಎತ್ತಲಿಂದ ಬೀಸುತ್ತೆ ಅಂತ ಕೇಳಮ್ಮ. ಗಾಳಿ ಬಂದಾಗ ತೂರಿಕೋ ಅಂತಾರೆ, ನಿಜ. ಆದರೆ ಕಣ ಎಲ್ಲಿ ಮಾಡಬೇಕು ಅಂತ ನಮ್ಮಪ್ಪ ಒಂದು ವಾರ ಹೊಲ ಸುತ್ತುತ್ತಿದ್ದರು. ಮರದ ಮರೆಗೆ ಮಾಡಿದರೆ ಗಾಳಿ ತಿರುಗಾಡುತ್ತೆ. ಎದುರು ಗಾಳಿಗೆ ನಿಂತರೆ ಹೊಟ್ಟೆಲ್ಲ ಮುಖಕ್ಕೆ. ಹೊಟ್ಟು ಹೋಗಿ ಎಲ್ಲಿ ಬೀಳುತ್ತೆ ಅಂತ ಮೊದಲು ನೋಡಬೇಕು."

ನಾನು ಹಾಗೇ ಕೇಳಿದೆ. ಮಗಳು ವಿಚಾರಿಸಿ ಸಂಜೆ ಫೋನು ಮಾಡಿದಳು. ಈ ಸಲ ನಗಲಿಲ್ಲ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲ ನೀರು ಬೆಚ್ಚಗೇ ಇರುತ್ತದೆ. ಅದಕ್ಕೇ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ಚಳಿಗಾಲದಲ್ಲಿ ಇದು ಇನ್ನೂ ಹೆಚ್ಚು. ದಡದ ಹತ್ತಿರ ನೀರು ನಯವಾಗಿ ಕಾಣುವುದೂ ಗಾಳಿ ನೆಲದ ಕಡೆಯಿಂದ ಬೀಸುವುದರಿಂದಲೇ. ಅಂಥ ಹೊತ್ತಿನಲ್ಲಿ ಪಟ ಕಟ್ಟಿಕೊಂಡು ಇಳಿದರೆ, ಕೈ ತಪ್ಪಿದವರನ್ನು ಗಾಳಿ ಸೀದಾ ನಡುಗಡಲಿಗೆ ಒಯ್ಯುತ್ತದೆ. ಆ ತೀರದಲ್ಲಿ ಹಿಂದೆ ಹೋಗಿ ಕರೆತರಲು ಒಂದು ದೋಣಿಯೂ ಇರಲಿಲ್ಲ. ಕೆರೆಯ ಗುಂಡಿಯೇ ಬೇರೆ ವೇಷ ಹಾಕಿಕೊಂಡು ಬಂದ ಹಾಗಾಯಿತು ನನಗೆ. ಮೇಲೆ ನೋಡಿದರೆ ಎಲ್ಲ ನಯ!

ಆಮೇಲೆ ಅಮ್ಮ ಮಗಳು ಇಬ್ಬರೂ ಕೂತು, ಕಲಿಯುವವರಿಗೆ ಎಂಥ ಜಾಗ ಬೇಕು ಎಂದು ಒಂದೊಂದಾಗಿ ಬರೆದುಕೊಂಡೆವು. ಅಡಿಗೆಮನೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಆ ಪಟ್ಟಿ ಇನ್ನೂ ಇದೆ.

ಮೊದಲನೆಯದು ಗಾಳಿಯ ದಿಕ್ಕು. ನೆಲದಿಂದ ಕಡಲಿಗೆ ಬೀಸುವ ಗಾಳಿ ಬೇಡವೇ ಬೇಡ. ಕಡಲಿನಿಂದ ನೇರ ದಡಕ್ಕೆ ಬೀಸುವುದೂ ಹೊಸಬರಿಗೆ ಒಳ್ಳೆಯದಲ್ಲ, ಎತ್ತಿ ಮರಕ್ಕೋ ಗೋಡೆಗೋ ಹಾಕುತ್ತದೆ. ದಡದ ಉದ್ದಕ್ಕೆ, ಸ್ವಲ್ಪ ದಡದ ಕಡೆಗೇ ಓರೆಯಾಗಿ ಬೀಸಬೇಕು. ಆಗ ಬಿದ್ದರೂ, ಹಲಗೆ ಕಳೆದುಕೊಂಡರೂ, ನಿಧಾನವಾಗಿ ದಡಕ್ಕೇ ಬಂದು ಸೇರುತ್ತಾರೆ.

ಎರಡನೆಯದು ಗಾಳಿಯ ಹದ. ಗಂಟೆಗೆ ಸುಮಾರು 22ರಿಂದ 33 ಕಿಲೋಮೀಟರ್, ಅವರ ಲೆಕ್ಕದಲ್ಲಿ 12ರಿಂದ 18 ನಾಟ್, ಕಲಿಯಲು ಹದವಾದ ಗಾಳಿ. ಧೂಳು, ಕಾಗದ ಮೇಲೆದ್ದು ಸಣ್ಣ ಕೊಂಬೆಗಳು ಅಲ್ಲಾಡುವಷ್ಟು ಎಂದುಕೊಳ್ಳಿ. ಅದೂ ಒಂದೇ ಸಮ ಬೀಸಬೇಕು. ಹಾಲು ಕಾಯಿಸುವಾಗ ಉರಿ ಒಮ್ಮೆ ಸಣ್ಣ ಒಮ್ಮೆ ಭಗ್ಗನೆ ಆದರೆ ಏನಾಗುತ್ತದೆ ನಿಮಗೇ ಗೊತ್ತು. ತೆಂಗಿನ ತೋಪು, ಮನೆಗಳು, ಗುಡ್ಡ ದಾಟಿ ಬರುವ ಗಾಳಿ ಹಾಗೆಯೇ, ಬಿಟ್ಟು ಬಿಟ್ಟು ಹೊಡೆಯುತ್ತದೆ.

ಮೂರನೆಯದು ನೀರಿನ ಆಳ. ಮೊಣಕಾಲಿನಿಂದ ಸೊಂಟದವರೆಗೆ, ಅದೂ ದೂರದವರೆಗೆ ಒಂದೇ ಸಮ. ಕಾಲು ಊರಲು ಆದರೆ ಅರ್ಧ ಹೆದರಿಕೆ ಹೋದ ಹಾಗೆ. ನಿಂತು ಗುರುವಿನ ಮಾತು ಕೇಳಬಹುದು, ಬಿದ್ದ ಪಟವನ್ನು ನಿಧಾನವಾಗಿ ಎತ್ತಬಹುದು. ಆದರೆ ಬರೀ ಪಾದ ಮುಳುಗುವಷ್ಟು ನೀರೂ ಕೂಡದು, ಬಿದ್ದರೆ ನೆಲಕ್ಕೇ ಪೆಟ್ಟು.

ನಾಲ್ಕನೆಯದು ನೀರಿನ ಕೆಳಗಿನ ನೆಲ. ಮರಳಿರಬೇಕು. ಬಂಡೆ, ಹವಳ, ಸಿಂಪಿ, ಮುಳ್ಳಿನ ಕಡಲಜೀವಿಗಳು, ಮೀನುಗಾರರ ಬಲೆ ಕಟ್ಟಿದ ಗೂಟ, ಇವು ಇರಬಾರದು. ಇಳಿತದ ಹೊತ್ತಿನಲ್ಲಿ ನೀರು ಎಲ್ಲಿಯವರೆಗೆ ಸರಿಯುತ್ತದೆ ಎಂದೂ ಕೇಳಬೇಕು. ಬೆಳಿಗ್ಗೆ ಸೊಂಟದವರೆಗೆ ಇದ್ದದ್ದು ಮಧ್ಯಾಹ್ನ ಕಣಕಾಲಿಗೆ ಬರುವ ಜಾಗಗಳಿವೆ. ಆಫ್ರಿಕಾದ ಜಾಂಜಿಬಾರ್ ದ್ವೀಪದ ಪಾಜೆ ಈ ಆಟಕ್ಕೆ ಹೆಸರಾದ ತೀರ, ಅಲ್ಲಿ ಇಳಿತದಲ್ಲಿ ಕಡಲು ಬಹಳ ದೂರ ಹಿಂದಕ್ಕೆ ಹೋಗುತ್ತದೆ.

ಐದನೆಯದು ಖಾಲಿ ಜಾಗ. ಗಾಳಿ ಹೋಗುವ ದಿಕ್ಕಿನಲ್ಲಿ ದಾರದ ಉದ್ದದ ಎರಡರಷ್ಟಾದರೂ ಬಯಲಿರಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಆ ಕಡೆ ಕರೆಂಟಿನ ತಂತಿ, ದೋಣಿ, ಬಂಡೆ, ಸ್ನಾನ ಮಾಡುವ ಜನ, ಮರಳಿನಲ್ಲಿ ಆಡುವ ಮಕ್ಕಳು ಇರಬಾರದು. ಆ ದಾರ ಬಿಗಿಯಾದಾಗ ಚಾಕುವಿನ ಹಾಗೆ. ನಮ್ಮ ಮಕ್ಕಳು ಕಲಿಯುವುದು ಇನ್ನೊಬ್ಬರ ಮಕ್ಕಳಿಗೆ ಅಪಾಯವಾಗಬಾರದಲ್ಲ.

ಇಷ್ಟು ಬರೆದುಕೊಂಡ ಮೇಲೆ ಜಾಗಗಳನ್ನು ಮೊರದಲ್ಲಿ ಹಾಕಿ ಕೇರಿದೆವು.

ನಮ್ಮ ಕನ್ನಡ ಕರಾವಳಿ ಚೆಲುವಾದದ್ದು, ಆದರೆ ಬಹುಪಾಲು ತೆರೆದ ಕಡಲು. ಅಲೆ ದಡಕ್ಕೇ ಬಂದು ಒಡೆಯುತ್ತದೆ, ನಾಲ್ಕು ಹೆಜ್ಜೆ ಹೋದರೆ ಆಳ. ಅಳಿವೆಗಳ ಹತ್ತಿರ ಸೆಳೆತ. ಮುಲ್ಕಿ, ಸಸಿಹಿತ್ಲುಗಳು ಸರ್ಫಿಂಗಿಗೆ ಹೆಸರಾಗಿವೆ, ಸರ್ಫಿಂಗಿನವರಿಗೆ ಅಲೆಯೇ ಬೇಕು. ಪಟ ಕಲಿಯುವವರಿಗೆ ಅಲೆ ಬೇಡ. ಮಳೆಗಾಲದಲ್ಲಂತೂ ಗಾಳಿ ಬೇಕಾದಷ್ಟು ಇದ್ದರೂ ಕಡಲು ಹುಚ್ಚೆದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೇ ನಿಷೇಧ. ಮೊಗವೀರರೇ ದೋಣಿ ಕಟ್ಟಿಹಾಕುವ ಕಾಲದಲ್ಲಿ ನಮ್ಮ ಮಕ್ಕಳಿಗೆ ಅಲ್ಲೇನು ಕೆಲಸ?

ಗೋವಾದ ಉತ್ತರಕ್ಕೆ ಮೋರ್ಜಿಮ್ ಕಡೆ ಜನವರಿಯಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ಕಡಲಿನಿಂದ ದಡಕ್ಕೆ ಬರುವ ಮೆದು ಗಾಳಿಯಿದೆ. ಮೆದುವಾದ್ದರಿಂದ ದೊಡ್ಡ ಪಟ ಬೇಕಾಗುತ್ತದೆ. ಅದೂ ತೆರೆದ ಕಡಲೇ.

ಶ್ರೀಲಂಕಾದ ಪುತ್ತಲಂ ಜಿಲ್ಲೆಯ ಕಲ್ಪಿಟಿಯ ಎಂಬಲ್ಲಿ ಕಡಲಿಗೂ ನೆಲಕ್ಕೂ ನಡುವೆ ಹಿನ್ನೀರಿನ ಕೊಳಗಳಿವೆ. ಮರಳದಿಬ್ಬದ ಮರೆಯಲ್ಲಿ ನೀರು ಚಪ್ಪಟೆ, ಆಳ ಕಡಿಮೆ. ಮೇಯಿಂದ ಅಕ್ಟೋಬರ್‌ವರೆಗೆ ನೈಋತ್ಯದ ಜೋರು ಗಾಳಿ, ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ಹೊಸಬರಿಗೆ ಬಹಳ ಒಳ್ಳೆಯದು, ಆದರೆ ಪಾಸ್‌ಪೋರ್ಟು, ವಿಮಾನ ಎಲ್ಲ ಬೇಕು. ಕೊಲ್ಲಿ ದೇಶಗಳಲ್ಲಿ ನಮ್ಮ ಕನ್ನಡದವರು ಎಷ್ಟೋ ಮಂದಿ ಇದ್ದಾರೆ, ಅವರ ಮಕ್ಕಳಿಗೂ ಒಂದು ಮಾತು. ದುಬೈಯಲ್ಲಿ ಈ ಆಟದ ಹೆಸರನ್ನೇ ಇಟ್ಟುಕೊಂಡ ಕೈಟ್ ಬೀಚ್ ಇದೆ, ಆದರೆ ಅಲ್ಲಿ ಜನಸಂದಣಿ. ಅದೇ ದೇಶದ ಉಮ್ಮ್ ಅಲ್ ಕುವೈನ್‌ನ ಹಿನ್ನೀರು ಆಳವಿಲ್ಲದ್ದು, ಕಲಿಯುವವರಿಗೆ ವಾಸಿ.

ಮೊರದಲ್ಲಿ ಕೊನೆಗೆ ಉಳಿದದ್ದು ಯಾವುದು ಗೊತ್ತೇ? ರಾಮೇಶ್ವರ! ನಿಮ್ಮಲ್ಲಿ ಎಷ್ಟೋ ಜನ ಹೋಗಿ ಅಗ್ನಿತೀರ್ಥದಲ್ಲಿ ಮುಳುಗಿ, ಇಪ್ಪತ್ತೆರಡು ತೀರ್ಥಗಳ ಸ್ನಾನ ಮಾಡಿ ಬಂದಿದ್ದೀರಿ. ಅಲ್ಲಿನ ಕಡಲು ಕೆರೆಯ ಹಾಗೆ ಶಾಂತವಾಗಿರುವುದನ್ನು ನೋಡಿದ್ದೀರಿ. ಪಾಂಬನ್ ದ್ವೀಪ ಎರಡು ಕಡಲುಗಳ ನಡುವೆ ಚಾಚಿಕೊಂಡಿದೆ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಬೇಸಗೆ ಕಳೆದ ಮೇಲೆ ನೈಋತ್ಯದ ಗಾಳಿ. ಗಾಳಿ ಬದಲಾದ ಹಾಗೆ ಕಲಿಸುವವರೂ ದಡ ಬದಲಾಯಿಸುತ್ತಾರೆ. ಆದ್ದರಿಂದ ಬರೀ ರಾಮೇಶ್ವರ ಎಂದರೆ ಸಾಲದು, ಆ ತಿಂಗಳು ಯಾವ ದಡ ಎಂದು ಕೇಳಬೇಕು. ಹಾಗೆಂದು ಆ ಕಡಲು ಯಾವಾಗಲೂ ಸಾಧುವೆಂದು ತಿಳಿಯಬೇಡಿ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಅದೇ ದ್ವೀಪದ ಧನುಷ್ಕೋಟಿ ಊರಿಗೆ ಊರೇ ಕೊಚ್ಚಿಹೋಯಿತು. ಹವಾಮಾನದ ಮುನ್ಸೂಚನೆ ನೋಡದೆ ಹೊರಡಬಾರದು.

"ರಾಮೇಶ್ವರವೇ? ಹಾಗಾದರೆ ನೀನೂ ಹೋಗಿ ಬಾ" ಅಂದರು ಅತ್ತೆ. ಯಜಮಾನರು ಏನೂ ಅನ್ನಲಿಲ್ಲ, ರೈಲಿನ ಟಿಕೆಟ್ಟು ಮಾತ್ರ ಅವರೇ ತಂದರು.

ಕಳೆದ ಫೆಬ್ರವರಿಯಲ್ಲಿ ಹೊರಟೆವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡಿದ್ದೆ. ಬಟ್ಟೆಯ ಚಿಂತೆ ಕೆಲವರಿಗಿರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಮೈಗಂಟುವ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಲೆಗ್ಗಿಂಗ್ಸು ಸಾಕು, ಬಿಸಿಲಿಗೂ ಅದೇ ಒಳ್ಳೆಯದು. ಅದರ ಮೇಲೆ ಲೈಫ್ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು. ಸರ, ಬಳೆ, ಓಲೆ, ಉಂಗುರ ಎಲ್ಲ ತೆಗೆದಿಡಬೇಕು. ಜಡೆ ಬಿಗಿಯಾಗಿ ಹೆಣೆದು ಒಳಗೆ ಸೇರಿಸಬೇಕು.

ಮೊದಲ ದಿನ ಕಲಿಸುವ ಹುಡುಗನಿಗೆ ಹೇಳಿದೆ: "ನೋಡಪ್ಪಾ, ನೀರು ಎಷ್ಟು ಆಳ ಅಂತ ನಾನು ನೋಡಬೇಕು." ಅವನಿಗೆ ನಗು ಬಂದಿರಬೇಕು, ಆದರೆ ನಗಲಿಲ್ಲ. "ಬನ್ನಿ ಅಮ್ಮಾ" ಎಂದು ಕೈ ಹಿಡಿದು ಕರೆದುಕೊಂಡು ಹೋದ. ಸೀರೆಯ ನೆರಿಗೆ ಎತ್ತಿಕಟ್ಟಿ ನೀರಿಗೆ ಇಳಿದೆ. ಆ ಕೆರೆಯ ದಿನದ ಮೇಲೆ ಸ್ನಾನದ ಬಕೆಟ್ಟು ಬಿಟ್ಟರೆ ನಾನು ನೀರಿಗೆ ಕಾಲಿಟ್ಟದ್ದು ಅದೇ ಮೊದಲು. ಎದೆ ಡವಡವ ಎನ್ನುತ್ತಿತ್ತು. ಒಂದೊಂದೇ ಹೆಜ್ಜೆ ಎಣಿಸಿದೆ. ಇನ್ನೂರು ಹೆಜ್ಜೆ ಹೋದರೂ ನೀರು ಮೊಣಕಾಲಿನ ಮೇಲೆ ಒಂದು ಗೇಣು ಮಾತ್ರ. ಪಾದದ ಕೆಳಗೆ ಗಟ್ಟಿ ಮರಳು, ಎಲ್ಲೂ ಗುಂಡಿಯಿಲ್ಲ. ಎಡಕ್ಕೂ ಬಲಕ್ಕೂ ನಡೆದು ನೋಡಿದೆ. ಗಾಳಿ ಎಡಗೆನ್ನೆಗೆ ಓರೆಯಾಗಿ ತಗುಲಿ ದಡದ ಕಡೆ ಹೋಗುತ್ತಿತ್ತು. ದಡದಲ್ಲಿ ಒಂದು ಮೋಟಾರು ದೋಣಿ ತಯಾರಾಗಿ ನಿಂತಿತ್ತು. ವಾಪಸ್ಸು ಬಂದು ಮಗಳಿಗೆ, "ಈಗ ಹೋಗು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ಕೆರೆಯ ಕಥೆಯನ್ನು ನಾನು ಅವಳಿಗೆ ಪೂರ್ತಿ ಹೇಳಿದ್ದು ಆವತ್ತು ರಾತ್ರಿಯೇ.

ಮೊದಲ ದಿನ ನೀರಿಗೇ ಬಿಡಲಿಲ್ಲ. ಮರಳಿನ ಮೇಲೆ ಒಂದು ಮರಿ ಪಟ ಕೊಟ್ಟು ಗಡಿಯಾರದ ಪಾಠ ಹೇಳಿಕೊಟ್ಟರು. ನೆತ್ತಿಯ ಮೇಲೆ ಹನ್ನೆರಡು ಗಂಟೆ, ಎಡಕ್ಕೆ ಒಂಬತ್ತು, ಬಲಕ್ಕೆ ಮೂರು. ಹತ್ತಕ್ಕೆ ತಾ, ಹನ್ನೊಂದಕ್ಕೆ ನಿಲ್ಲಿಸು, ಹೀಗೆ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಪಾಠ, ಬಿಡುವ ಪಾಠ. ಸೊಂಟದ ಹತ್ತಿರ ಒಂದು ಕೆಂಪು ಕೊಂಡಿಯಿರುತ್ತದೆ, ಅದನ್ನು ತಳ್ಳಿದರೆ ಪಟದ ಬಲವೆಲ್ಲ ಸೋರಿಹೋಗುತ್ತದೆ. ಕಣ್ಣು ಮುಚ್ಚಿಕೊಂಡು ಹತ್ತು ಸಲ ಅದನ್ನು ಮಾಡಿಸಿದರು.

ಎರಡನೆಯ ದಿನ ಹಲಗೆಯಿಲ್ಲದೆ, ಪಟ ಎಳೆದ ಹಾಗೆ ಬರೀ ಮೈಯಲ್ಲಿ ನೀರಿನ ಮೇಲೆ ತೇಲುವುದು. ಮಧ್ಯಾಹ್ನ ಒಮ್ಮೆ ಕೈ ತಪ್ಪಿತು. ಪಟ ಕೆಳಗಿಳಿದು ಇವಳನ್ನು ಹತ್ತು ಮಾರು ಎಳೆದುಕೊಂಡು ಹೋಗಿ ನೀರಿಗೆ ಬಿತ್ತು, ಇವಳು ಕಾಣಿಸಲಿಲ್ಲ. ನನ್ನ ಕೈಯಲ್ಲಿದ್ದ ಮಜ್ಜಿಗೆಯ ಬಾಟಲಿ ಮರಳಿಗೆ ಬಿತ್ತು. ಮರುಕ್ಷಣ ಎದ್ದು ನಿಂತಳು. ನೀರು ಸೊಂಟಕ್ಕೂ ಇರಲಿಲ್ಲ! ಉಪ್ಪುನೀರು ಉಗುಳಿ, ದಾರ ಸುತ್ತಿಕೊಂಡು, ನಡೆದುಕೊಂಡೇ ಬಂದಳು. ಅದೇ ತಪ್ಪು ಜನವರಿಯ ಆ ನಯವಾದ ನೀರಿನಲ್ಲಿ ಆಗಿದ್ದರೆ ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಮೂರನೆಯ ದಿನ ಮೋಡ ಕಪ್ಪಾಯಿತು. ಗುರು ಎಲ್ಲರ ಪಟ ಇಳಿಸಿಬಿಟ್ಟ. ದುಡ್ಡು ಕೊಟ್ಟಿದ್ದೇವೆ, ಒಂದು ದಿನ ಹೋಯಿತು ಎಂದು ಇವಳು ಮುಖ ಊದಿಸಿಕೊಂಡಳು. ನನಗೆ ಮಾತ್ರ ಆವತ್ತೇ ಆ ಹುಡುಗನ ಮೇಲೆ ಪೂರ್ತಿ ನಂಬಿಕೆ ಬಂತು. ಮಳೆಮೋಡದ ಮುಂದೆ ಬರುವ ಗಾಳಿ ಕ್ಷಣದಲ್ಲಿ ಎರಡರಷ್ಟಾಗುತ್ತದಂತೆ. ಇವತ್ತು ಬೇಡ ಎನ್ನಬಲ್ಲ ಗುರುವೇ ಗುರು.

ಆ ಬಿಡುವಿನ ಸಂಜೆ ಮೋಡವೆಲ್ಲ ಚದುರಿ, ಗಾಳಿ ಮೆದುವಾದಾಗ, ಮಗಳು ಮರಿ ಪಟದ ಕೋಲನ್ನು ನನ್ನ ಕೈಗೆ ಕೊಟ್ಟಳು. "ಹತ್ತು ಗಂಟೆಗೆ ತಾ ಅಮ್ಮ, ಈಗ ಹನ್ನೆರಡಕ್ಕೆ" ಎಂದು ಹಿಂದೆ ನಿಂತು ಹೇಳಿಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮರಳಿನಲ್ಲಿ ಕಾಲೂರಿ ನಿಂತೆ. ಪಟ ಎಳೆಯಿತು ನೋಡಿ, ಬಾವಿಯ ಹಗ್ಗ ಎಳೆದ ಹಾಗೆ ಅಂಗೈಗೆ ಗೊತ್ತಾಯಿತು. ಎರಡು ಸಲ ಮೂಗು ಮುರಿದು ಬಿತ್ತು. ಮೂರನೆಯ ಸಲ ನೆತ್ತಿಯ ಮೇಲೆ ನಿಂತಿತು.

ನಾಲ್ಕನೆಯ ದಿನ ಅವಳು ಹಲಗೆಯ ಮೇಲೆ ನಿಂತು ಒಂದು ಇಪ್ಪತ್ತು ಮಾರು ಹೋದಳು, ಬಿದ್ದಳು. ಅಷ್ಟೇ. ಸಾಮಾನ್ಯವಾಗಿ ಮೊದಲ ಪಾಠಕ್ಕೇ 10–12 ಗಂಟೆ ಬೇಕು, ಅದೂ ಮೂರು ನಾಲ್ಕು ದಿನಕ್ಕೆ ಹಂಚಿ. ಒಂದು ಭಾನುವಾರದಲ್ಲಿ ಕಲಿಸಿಬಿಡುತ್ತೇವೆ ಎಂದವರನ್ನು ನಂಬಬೇಡಿ.

ನಿಮ್ಮ ಮಕ್ಕಳೋ, ತಂಗಿಯೋ, ಸೊಸೆಯೋ ಇಂಥದಕ್ಕೆ ಹೊರಟರೆ ಇಷ್ಟು ಕೇಳಿ. ಈಜು ಬರುತ್ತದೆಯೇ? ಬಾರದಿದ್ದರೆ ಮೊದಲು ಅದು. ಕಲಿಸುವವರಿಗೆ ಕಲಿಸುವ ಪ್ರಮಾಣಪತ್ರ ಇದೆಯೇ? ಬರೀ ಆಡಲು ಬಂದರೆ ಸಾಲದು. ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆಯಂಥವು ಗುರುಗಳಿಗೆ ತರಬೇತಿ ಕೊಟ್ಟು ಪತ್ರ ಕೊಡುತ್ತವೆ, ಅದನ್ನು ತೋರಿಸಿ ಎನ್ನಿ. ಒಬ್ಬ ಗುರುವಿಗೆ ಎಷ್ಟು ಶಿಷ್ಯರು? ಒಬ್ಬರು ಅಥವಾ ಇಬ್ಬರು ಒಳ್ಳೆಯದು. ದೋಣಿ ಇದೆಯೇ, ಅದಕ್ಕೆ ಪೆಟ್ರೋಲು ಇದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಗಾಳಿ ಬಾರದ ದಿನದ ದುಡ್ಡು ಏನಾಗುತ್ತದೆ? ಮತ್ತೆ ನಮ್ಮ ಅತ್ತೆಯವರ ಪ್ರಶ್ನೆ, ಗಾಳಿ ಎತ್ತಲಿಂದ ಬೀಸುತ್ತದೆ, ಬಿದ್ದವರನ್ನು ಎಲ್ಲಿಗೆ ಒಯ್ಯುತ್ತದೆ? ಇದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಮುಂದಿನದನ್ನು ಕೇಳುವುದೇ ಬೇಡ.

ಊರಿಗೆ ಬಂದಾಗ ಅತ್ತೆಯವರಿಗೆ ತೀರ್ಥದ ಬಾಟಲಿ ಕೊಟ್ಟು ನಮಸ್ಕಾರ ಮಾಡಿದೆ. "ಮಗು ಕಲಿತಳೇನಮ್ಮ?" ಅಂದರು. "ಇನ್ನೂ ಬೀಳುತ್ತಾಳೆ ಅತ್ತೆ, ಆದರೆ ಬೀಳುವ ಕಡೆ ಬೀಳುತ್ತಾಳೆ" ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

ಇನ್ನೊಂದು ಸಣ್ಣ ಸುದ್ದಿ. ನಮ್ಮೂರಿನಲ್ಲಿ ಹೊಸದಾಗಿ ಈಜುಕೊಳ ಆಗಿದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೆಂಗಸರಿಗೆ ಮಾತ್ರ. ಮೂರು ವಾರದಿಂದ ಹೋಗುತ್ತಿದ್ದೇನೆ. ಮೊದಲ ದಿನ ಮೆಟ್ಟಿಲು ಇಳಿಯುವ ಮುಂಚೆ ಎಷ್ಟು ಆಳ, ಕೆಳಗೆ ಏನಿದೆ ಎಂದು ಕೇಳಿದೆ. ಗೋಡೆಯ ಮೇಲೆ ಬರೆದಿದ್ದಾರೆ, ನಾಲ್ಕು ಅಡಿ, ಚಪ್ಪಟೆ ನೆಲ. ನನ್ನ ಅಕ್ಕನಿಗೂ ಫೋನು ಮಾಡಿ ಹೇಳಿದ್ದೇನೆ, ಅವಳು ಯೋಚಿಸುತ್ತೇನೆ ಅಂದಿದ್ದಾಳೆ.

ಮುಂದಿನ ಸಂಚಿಕೆಯಲ್ಲಿ ಖಂಡಿತ ಹುಣಿಸೆಹಣ್ಣು.